ಆವರಿಕೆಯ ಸಸಿ ತರಬೇಡಿ, ಬೀಜ ಬಿತ್ತಿ

ನಮಸ್ಕಾರ. ಅರಸೀಕೆರೆ, ಕಡೂರು ಕಡೆ ಹೊಸ ಮನೆ ಕಟ್ಟಿದವರು ಕಾಂಪೌಂಡಿನ ಸುತ್ತ ಹೂವಿರಲಿ ಎಂದು ಮಲೆನಾಡಿಗೆ ಹೊಂದುವ ಗಿಡಗಳನ್ನು ನರ್ಸರಿಯಿಂದ ತಂದು ನೆಟ್ಟು, ಬೇಸಿಗೆ ಬಂತೆಂದರೆ ಕೊಳವೆಬಾವಿಯ ನೀರನ್ನೆಲ್ಲ ಅವಕ್ಕೇ ಸುರಿಯುತ್ತಾರೆ. ಹಾಸನ ಜಿಲ್ಲೆಯಲ್ಲೇ ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಅರಸೀಕೆರೆಗೆ ಬರುವ ಹೊತ್ತಿಗೆ ಅದರ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಈ ಬಯಲುಸೀಮೆಗೆ ತಕ್ಕ ಹೂಗಿಡ ಆವರಿಕೆ, ಕೆಲವರು ತಂಗಡಿ ಎನ್ನುವ ಅದೇ ಗಿಡ. ಅದನ್ನೂ ಸಸಿಯಾಗಿ ತರದೆ, ನಿಲ್ಲಬೇಕಾದ ಜಾಗದಲ್ಲೇ ಬಿತ್ತಬೇಕು ಎಂಬುದು ನನ್ನ ವಾದ.

ಕಾರಣ ಬೇರಿನಲ್ಲಿದೆ. ಮೊಳೆತ ಆವರಿಕೆ ಮೇಲೆ ನಾಲ್ಕೆಲೆ ಬಿಡುವಷ್ಟರಲ್ಲಿ ಕೆಳಗೆ ತಾಯಿಬೇರನ್ನು ಆಳಕ್ಕೆ ಇಳಿಸತೊಡಗಿರುತ್ತದೆ. ಗಿಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಆ ಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಂಡರೆ, ನೆಟ್ಟ ಮೇಲೂ ನೇರವಾಗಿ ಇಳಿಯುವುದು ಕಷ್ಟ. ಬರ ತಡೆಯುವ ಶಕ್ತಿಯೇ ಅಲ್ಲಿ ಕುಗ್ಗುತ್ತದೆ.

ಬೀಜ ಹುಟ್ಟಲಿಲ್ಲ ಎಂಬ ದೂರು ಸಾಮಾನ್ಯ. ತಪ್ಪು ಬೀಜದ್ದಲ್ಲ. ಚಪ್ಪಟೆಯಾದ, ಕಾಗದದಂತೆ ತೆಳುವಾದ ಕಾಯಿ ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಒಳಗಿನ ಬೀಜಕ್ಕೆ ನೀರನ್ನೇ ಬಿಡದಷ್ಟು ಗಟ್ಟಿಯಾದ ಸಿಪ್ಪೆ ಕೂತಿರುತ್ತದೆ, ಅಕಾಲದ ಒಂದು ಹನಿ ಮಳೆಗೆ ಮೋಸಹೋಗಿ ಮೊಳೆಯದಿರಲೆಂದು ಗಿಡವೇ ಮಾಡಿಕೊಂಡ ಏರ್ಪಾಡು ಅದು. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ ಅದು ತಣ್ಣಗಾಗುವಂತೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಉಬ್ಬದೆ ಕಲ್ಲಿನಂತೆಯೇ ಉಳಿದದ್ದನ್ನು ಎಸೆಯದೆ, ಮೊಳಕೆ ಇರುವ ತುದಿಯನ್ನು ಬಿಟ್ಟು ಒಂದು ಬದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ನೆನೆಹಾಕಿ. ರೋಹಿಣಿ, ಮೃಗಶಿರಾ ಮಳೆಗೆ ನೆಲ ಹಸಿಯಾದಾಗ, ಗೊಬ್ಬರವಿಲ್ಲದೆ, ಬೆರಳಿನ ಒಂದು ಗೆಣ್ಣಿನಷ್ಟೂ ಆಳ ಬೇಡ, ಗುಂಡಿಗೆ ಮೂರು ಬೀಜ ಸಾಕು. ನೀರು ನಿಲ್ಲುವ ಜಾಗ ಮಾತ್ರ ಕೂಡದು. ಮೊದಲ ಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ನೀರುಣಿಸಬೇಕಾದೀತು, ಆಮೇಲೆ ಅದರ ಪಾಡಿಗೆ ಬಿಡಬಹುದು.

ಹೂವಿನ ಬಣ್ಣದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ತೆಲಂಗಾಣದವರು ಇದನ್ನೇ ರಾಜ್ಯದ ಹೂವಾಗಿ ಮಾಡಿಕೊಂಡು ಬತುಕಮ್ಮ ಹಬ್ಬದಲ್ಲಿ ಪೇರಿಸಿಟ್ಟು ಪೂಜಿಸುತ್ತಾರೆ, ನಾವು ಬೇಲಿಯ ಕಳೆಯೆಂದು ಕಡಿಯುತ್ತೇವೆ. ಹತ್ತಿರದಿಂದ ನೋಡಬೇಕಾದದ್ದು ದುಂಬಿಯನ್ನು. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ಕಪ್ಪು ದುಂಬಿ ಕೇಸರವನ್ನು ತಬ್ಬಿ, ಮೈಯನ್ನೇ ಗುಂಯ್‌ಗುಡಿಸಿ ಅದನ್ನು ಉದುರಿಸಿಕೊಳ್ಳುತ್ತದೆ.

ದ್ವಿದಳ ಕುಲದ ಗಿಡವಾದ್ದರಿಂದ ಮಣ್ಣಿಗೆ ಸಾರಜನಕ ತುಂಬುತ್ತದೆ ಎಂದು ಹೇಳುವವರಿದ್ದಾರೆ. ಆದರೆ ಆ ಕುಲದೊಳಗೇ ಆವರಿಕೆ ಸೇರಿದ ಸೆನ್ನಾ ಗುಂಪಿನ ಗಿಡಗಳ ಬೇರಿನಲ್ಲಿ ಸಾರಜನಕ ಹಿಡಿದಿಡುವ ಗಂಟು ಸಾಮಾನ್ಯವಾಗಿ ಕಟ್ಟುವುದಿಲ್ಲ, ಹಾಗಾಗಿ ಅದನ್ನು ನಂಬಿ ನೆಡಬೇಡಿ. ಸೊಪ್ಪು ಹಸಿರೆಲೆ ಗೊಬ್ಬರಕ್ಕೆ ಆಗುತ್ತದೆ, ಅಷ್ಟು ನಿಜ.

ಇನ್ನು, ಹೆದ್ದಾರಿ ನಡುವಿನ ಗಿಡಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಓಡಿಸುವವರು, ಅಗಲೀಕರಣಕ್ಕೆ ರಸ್ತೆಬದಿಯ ಆವರಿಕೆಯನ್ನು ಕೀಳುವ ಮೊದಲು ಅದರ ಕಾಯಿಯನ್ನಾದರೂ ಬಿಡಿಸಿಟ್ಟುಕೊಂಡು, ಕಾಮಗಾರಿ ಮುಗಿದ ಮೇಲೆ ಅಲ್ಲೇ ಬಿತ್ತಿಸಲಿ. ಬೀಜಕ್ಕೆ ಟೆಂಡರ್ ಕರೆಯುವ ಅಗತ್ಯವೂ ಇಲ್ಲ.