ರಾತ್ರಿ ಎರಡು ಗಂಟೆಯ ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಆಸ್ಪತ್ರೆ ನಡೆಸುವ ಇಷ್ಟು ಜನ ಒಂದೇ ಕಡೆ ಸೇರುವುದು ಅಪರೂಪ. ಡಾಕ್ಟರ್‌ಗಳಿದ್ದೀರಿ, ಟ್ರಸ್ಟಿಗಳಿದ್ದೀರಿ, ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿದ್ದೀರಿ. ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದವಳು. ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆದೆ. ಕೊನೆಯ ಹನ್ನೊಂದು ವರ್ಷ ಆಡಳಿತವನ್ನೂ ನೋಡಿಕೊಂಡೆ. ಆಸ್ಪತ್ರೆ ಮುಖ್ಯಸ್ಥರ ಮುಂದಿರುವ ಸವಾಲುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಸವಾಲುಗಳು ಬೇಕಾದಷ್ಟಿವೆ. ನಾನು ಅವನ್ನೆಲ್ಲ ಒಂದೇ ಹೊತ್ತಿನಲ್ಲಿ ನಿಂತು ನೋಡುತ್ತೇನೆ. ಅದು ರಾತ್ರಿ ಎರಡು ಗಂಟೆ.

ಸುಮಾರು 30 ವರ್ಷದ ಹಿಂದಿನ ಮಾತು. ಮಲೆನಾಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನಗೆ ನೈಟ್ ಡ್ಯೂಟಿ. ಒಂದು ತೋಟದಿಂದ ಜೀಪಿನಲ್ಲಿ ಒಬ್ಬರನ್ನು ಕರೆತಂದರು. ಐವತ್ತರ ಆಸುಪಾಸಿನವರು, ತೋಟದ ಲೆಕ್ಕ ಬರೆಯುವ ರೈಟರ್. ಮೈಯೆಲ್ಲ ಬೆವರು. 'ಗ್ಯಾಸು ಸಿಸ್ಟರ್, ಸೋಡಾ ಕುಡಿದರೂ ಹೋಗಲಿಲ್ಲ' ಅಂದರು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಗ್ಯಾಸ್ ಅಲ್ಲ. ನಮ್ಮಲ್ಲಿ ಹೃದಯದ ಬಡಿತವನ್ನು ಗೆರೆಯಲ್ಲಿ ಬರೆದು ತೋರಿಸುವ ಇಸಿಜಿ ಯಂತ್ರ ಇತ್ತು. ಹೊಸದು. ಅದರ ಉದ್ಘಾಟನೆಗೆ ಶಾಮಿಯಾನ ಹಾಕಿಸಿದ್ದರು. ಆ ಯಂತ್ರ ಇದ್ದ ಕೋಣೆಗೆ ಬೀಗ. ಬೀಗದ ಕೈ ಟೆಕ್ನಿಷಿಯನ್ ಹತ್ತಿರ. ಅವರು ಮನೆಗೆ ಹೋಗಿದ್ದರು. ವಾರ್ಡ್ ಬಾಯ್ ಸೈಕಲ್ ತೆಗೆದುಕೊಂಡು ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಆ ರೈಟರ್ ಉಳಿಯಲಿಲ್ಲ. ಬೀಗ ಇರದಿದ್ದರೆ ಉಳಿಯುತ್ತಿದ್ದರಾ, ನಾನು ಹೇಳಲಾರೆ. ಆದರೆ ಆ ಮುಕ್ಕಾಲು ಗಂಟೆ ಅವರ ಕೈ ಹಿಡಿದುಕೊಂಡು ನಿಂತವಳು ನಾನು.

ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಇದು ನಿಮಗೆಲ್ಲ ಗೊತ್ತಿರುವ ನಿಯಮ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಆಂಜಿಯೋಪ್ಲಾಸ್ಟಿ, ಅಂದರೆ ಬಲೂನ್ ಹಾಕಿ ಅದನ್ನು ತೆರೆಯುವುದು, ಒಳ್ಳೆಯದೇ. ಆದರೆ ಅದು 120 ನಿಮಿಷದೊಳಗೆ ಆಗುವ ಹಾಗಿರಬೇಕು. ಆಗದಿದ್ದರೆ, ಕೊಡಬಾರದ ಕಾರಣ ಏನೂ ಇಲ್ಲ ಅಂದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡಬೇಕು. ಈಗ ನಮ್ಮ ರಸ್ತೆ ಲೆಕ್ಕ ಹಾಕಿ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಅಲ್ಲಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮತ್ತೆ ಅದರ ಮೂರರಷ್ಟು. ಜುಲೈ ಮಳೆಯಲ್ಲಿ ಮರ ಬಿದ್ದ ದಿನ ಇದನ್ನೂ ನಂಬುವ ಹಾಗಿಲ್ಲ. ಹಾಗಾಗಿ 'ಮೈಸೂರಿಗೆ ಕರ್ಕೊಂಡು ಹೋಗಿ' ಅಂತ ಚೀಟಿ ಬರೆದುಕೊಟ್ಟರೆ ನಮ್ಮ ಕೆಲಸ ಮುಗಿಯುವುದಿಲ್ಲ. ಇಂಜೆಕ್ಷನ್ ಮೊದಲು, ಆಂಬುಲೆನ್ಸ್ ಆಮೇಲೆ.

2025ರ ಮೇ, ಜೂನ್ ತಿಂಗಳು ಈ ಊರಿನವರು ಮರೆಯಲಾರರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅನ್ನುವ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ತನಿಖೆ ಮಾಡಿತು. ಹೃದಯಾಘಾತಗಳು ಇದ್ದಕ್ಕಿದ್ದಂತೆ ಹೆಚ್ಚಿಲ್ಲ ಅಂತ ವರದಿ ಕೊಟ್ಟಿತು. ಅದನ್ನು ಓದಿ ಕೆಲವರು 'ಸದ್ಯ, ಏನೂ ಇಲ್ವಂತೆ' ಅಂದರು. ನನಗೆ ಸಮಾಧಾನ ಆಗಲಿಲ್ಲ. ಜಾಸ್ತಿ ಆಗಿಲ್ಲ ಅಂದರೆ ಅರ್ಥ ಏನು? ಪ್ರತಿ ವರ್ಷವೂ ಹೀಗೇ ಸಾಯುತ್ತಿದ್ದಾರೆ, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಂತ ಅಲ್ವಾ?

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ದಾರಿಯಲ್ಲಿ ಇಟ್ಟ ಸರಿಯಾದ ಹೆಜ್ಜೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಇದೇ ಕೆಲಸದ ಹಳೆಯ ಔಷಧಿ ಸ್ಟ್ರೆಪ್ಟೋಕೈನೇಸನ್ನು ಒಂದು ಗಂಟೆ ಹೊತ್ತು ಡ್ರಿಪ್ಪಿನಲ್ಲಿ ಬಿಡಬೇಕಿತ್ತು. ಟೆನೆಕ್ಟೆಪ್ಲೇಸ್ ತೂಕ ನೋಡಿ ಒಂದೇ ಸಲ ಕೊಡುವ ಔಷಧಿ. ಆದರೆ ಇಸಿಜಿಯ ತಂತಿಗಳನ್ನು ರೋಗಿಯ ಮೈಗೆ ಹಚ್ಚಲು ಒಂದು ಕೈ ಬೇಕು. ಆ ಕೈ ರಾತ್ರಿ ಎರಡು ಗಂಟೆಗೆ ಅಲ್ಲಿರಬೇಕು.

ಆ ಕೈಯ ವಿಷಯಕ್ಕೇ ಬರುತ್ತೇನೆ. ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ನಾನು 30 ಹಾಸಿಗೆಯ ವಾರ್ಡನ್ನು ರಾತ್ರಿ ಒಬ್ಬಳೇ ನೋಡಿಕೊಂಡಿದ್ದೇನೆ, ಜೊತೆಗೆ ಒಬ್ಬ ಆಯಾ. ಈ ಸಭೆಯಲ್ಲೇ ಎಷ್ಟೋ ಜನ ಸಿಸ್ಟರ್‌ಗಳು ನಿನ್ನೆ ರಾತ್ರಿ ಅದನ್ನೇ ಮಾಡಿ ಬಂದಿರಬಹುದು. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರದ ಸಮಿತಿಯೊಂದು ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಅಂತ. 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. ಇವತ್ತು ಮನೆಗೆ ಹೋಗಿ ನಿಮ್ಮ ಸಂಬಳದ ಪಟ್ಟಿ ತೆಗೆದು ನೋಡಿ. 20,000 ಅನ್ನುವುದು ಆಗಿನ ಲೆಕ್ಕ. ಅಕ್ಕಿ, ಮನೆ ಬಾಡಿಗೆ ಆಗಿನ ರೇಟಿನಲ್ಲಿ ಇಲ್ಲ.

ಮುಖ್ಯಸ್ಥರು ನನ್ನ ಹತ್ತಿರ ಯಾವಾಗಲೂ ಹೇಳುವ ಮಾತೊಂದಿದೆ. 'ಕಲಿಸಿ ತಯಾರು ಮಾಡ್ತೀವಿ, ಎರಡು ವರ್ಷಕ್ಕೆ ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ.' ನಿಜ, ಹೋಗುತ್ತಾರೆ. ಆದರೆ ನಾನು ಆಡಳಿತಕ್ಕೆ ಬಂದ ಮೇಲೆ ಬಿಟ್ಟು ಹೋಗುವ ಪ್ರತಿಯೊಬ್ಬ ಹುಡುಗಿಯನ್ನೂ ಕೂರಿಸಿ, ಟೀ ಕೊಟ್ಟು, ಯಾಕೆ ಅಂತ ಕೇಳುತ್ತಿದ್ದೆ. ಸಂಬಳ ಅಂತ ಮೊದಲು ಹೇಳುತ್ತಿದ್ದರು. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಬೇರೆ ಮಾತು ಬರುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಹೋಗಲು ಬಸ್ಸಿಲ್ಲ. ಹಾಸ್ಟೆಲ್ಲಿನ ಬಚ್ಚಲಿಗೆ ಚಿಲಕ ಇಲ್ಲ. 'ರೋಗಿ ಕಡೆಯವರು ಕುಡಿದು ಬಂದು ಬೈದಾಗ ಯಾರೂ ನನ್ನ ಪರ ನಿಲ್ಲಲಿಲ್ಲ' ಅನ್ನುತ್ತಿದ್ದರು. ಇವನ್ನು ಸರಿಮಾಡಲು ಕೋಟಿ ರೂಪಾಯಿ ಬೇಡ. ನಾವು ಚಿಲಕ ಹಾಕಿಸಿದೆವು. ಪಾಳಿ ಮುಗಿದವರನ್ನು ಮನೆಗೆ ಬಿಡಲು ಒಂದು ವ್ಯಾನ್ ಗೊತ್ತು ಮಾಡಿದೆವು. ಗಲಾಟೆ ಆದರೆ ಎಷ್ಟೇ ಹೊತ್ತಾಗಿರಲಿ ನಾನೇ ಎದ್ದು ಬರುತ್ತೇನೆ ಅಂತ ಹೇಳಿದೆ, ಬಂದೆ ಕೂಡ. ಹೋಗುವವರು ಹೋದರು. ಆದರೆ ಉಳಿದವರೂ ಇದ್ದಾರೆ. ಅವರಲ್ಲಿ ಇಬ್ಬರು ಇವತ್ತು ಅಲ್ಲಿ ವಾರ್ಡ್ ಇನ್‌ಚಾರ್ಜ್.

ದುಡ್ಡಿನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಬಡವರಿಗೆ ಅದು ದೊಡ್ಡ ಆಸರೆ. ಸರ್ಕಾರದಿಂದ ಬರಬೇಕಾದ ಬಿಲ್ಲಿನ ಹಣ ತಡವಾದರೆ ಮಾತ್ರ ಚಿಕ್ಕ ಆಸ್ಪತ್ರೆ ಔಷಧಿ ಅಂಗಡಿಯವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಹಾಗಂತ ಕಾರ್ಡ್ ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬಾರದು.

ಇನ್ನೊಂದು, ಹಾವು ಕಚ್ಚಿದ್ದು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ನೆಲದ ಮೇಲೆ ಮಲಗಿದವರಿಗೆ ಇದು ರಾತ್ರಿಯ ಅಪಾಯವೇ. 2024ರಲ್ಲಿ ಕರ್ನಾಟಕ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಒಳ್ಳೆಯದಾಯಿತು. ನಮ್ಮಲ್ಲಿ ಸಿಗುವ ವಿಷನಿರೋಧಕ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ಮಾಡಿದ್ದು. ಕಾಫಿ ಗಿಡದ ಮೇಲೆ ಸುರುಳಿ ಸುತ್ತಿ ಕೂರುವ ಗುಳಿಮಂಡಲಕ್ಕೆ ಮಾಡಿದ್ದಲ್ಲ. ಇದು ಡ್ಯೂಟಿ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು. ವಿಷದಿಂದ ರಕ್ತ ಹೆಪ್ಪುಗಟ್ಟುವುದು ಕೆಟ್ಟಿದೆಯಾ ಅಂತ ನೋಡುವ ಪರೀಕ್ಷೆ ಎಷ್ಟು ಸುಲಭ ಗೊತ್ತಾ? 2 ಎಂಎಲ್ ರಕ್ತವನ್ನು ಒಣಗಿದ, ಹೊಸ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು, ಹೆಪ್ಪುಗಟ್ಟಿದೆಯಾ ಅಂತ. ಸೋಪು ಹಾಕಿ ತೊಳೆದ ನಳಿಗೆ ಆದರೆ, ಪ್ಲಾಸ್ಟಿಕ್ ಆದರೆ ಫಲಿತಾಂಶ ತಪ್ಪಾಗುತ್ತದೆ. ಸ್ಕ್ಯಾನಿಂಗ್ ಯಂತ್ರ ಇರುವ ಎಷ್ಟೋ ಕಡೆ ಆ ಗಾಜಿನ ನಳಿಗೆ ಇರುವುದಿಲ್ಲ. ನಾನೇ ತಪಾಸಣೆಗೆ ಹೋದ ಕಡೆ ನೋಡಿದ್ದೇನೆ.

ಕಂಪ್ಯೂಟರ್ ಬಗ್ಗೆ ಎರಡೇ ಮಾತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹದಲ್ಲೇ ನಡೆಯಿತು. ನಿಮ್ಮಲ್ಲಿ ಸಿಸ್ಟಂ ನಿಂತರೆ ಕೇಸ್ ಶೀಟ್, ಲ್ಯಾಬ್ ಚೀಟಿ ಎಲ್ಲಿವೆ ಅಂತ ನೈಟ್ ಸಿಸ್ಟರಿಗೆ ಗೊತ್ತಾ? ಇಂದೇ ಕೇಳಿ.

ಅದಕ್ಕೇ ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ತಿಂಗಳಿಗೆ ಒಂದು ಸಲ, ಯಾರಿಗೂ ಹೇಳದೆ, ರಾತ್ರಿ ಎರಡು ಗಂಟೆಗೆ ನಿಮ್ಮ ಆಸ್ಪತ್ರೆಗೆ ಹೋಗಿ. ಬೈಯಲು ಅಲ್ಲ, ತಪ್ಪು ಹಿಡಿಯಲು ಅಲ್ಲ. ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ. ಇಸಿಜಿ ಕೋಣೆಯ ಬಾಗಿಲು ತಳ್ಳಿ ನೋಡಿ. ಜನರೇಟರಿಗೆ ಡೀಸೆಲ್ ಇದೆಯಾ, ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿದೆ ನೋಡಿ. ಆಮೇಲೆ ಸಿಸ್ಟರ್ ಪಕ್ಕ ಅರ್ಧ ಗಂಟೆ ಕೂರಿ. ಏನು ಬೇಕಮ್ಮಾ ಅಂತ ಕೇಳಿ, ಬರೆದುಕೊಳ್ಳಿ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ. ಹಿಂದಿನ ಸಾಲಿನಲ್ಲಿ ನೈಟ್ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು ಬಂದ ಸಿಸ್ಟರ್‌ಗಳು ಕೂತಿದ್ದಾರೆ. ಮೈಕನ್ನು ಮೊದಲು ಅವರಿಗೆ ಕೊಡಿ.