ಹಳೇ ಕಾರು ದಾರೀಲಿ ನಿಂತ್ರೆ ಮೊದಲು ಟ್ಯಾಂಕ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮನೇಲಿ ಹಳೇ ಕಾರು ಇಟ್ಕೊಂಡಿರೋರು, ಅಪ್ಪನದ್ದೋ ತಾತನದ್ದೋ ಉಳಿಸ್ಕೊಂಡಿರೋರು, ಆಸೆಪಟ್ಟು ಹುಡುಕಿ ತಂದಿರೋರು, ಒಟ್ನಲ್ಲಿ ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡೋ ಕಾರ್ಬುರೇಟರ್ ಇರೋ ಗಾಡಿ ಓಡಿಸೋರು, ಇವತ್ತು ನಾನು ಮಾತಾಡ್ತಿರೋದು ನಿಮ್ಮ ಜೊತೆ. ಗಾಡಿ ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಚೆನ್ನಾಗೇ ಹೋಗುತ್ತೆ, ಆಮೇಲೆ ಜರ್ಕ್ ಹೊಡಿಯೋಕೆ ಶುರು, ಏರು ಬಂತು ಅಂದ್ರೆ ಉಸಿರು ಕಟ್ಟಿದ ಹಾಗಾಗಿ ನಿಂತೇ ಹೋಗುತ್ತೆ. ಆಗ ಎಲ್ಲರೂ ಏನ್ ಮಾಡ್ತಾರೆ? ಬಾನೆಟ್ ಎತ್ತಿ ಕಾರ್ಬುರೇಟರ್ ಸ್ಕ್ರೂ ತಿರುಗಿಸೋಕೆ ಹೋಗ್ತಾರೆ. ದಯವಿಟ್ಟು ಆ ಸ್ಕ್ರೂಡ್ರೈವರ್ ಕೆಳಗಿಡಿ. ನಿನ್ನೆವರೆಗೂ ಸರಿಯಾಗಿದ್ದ ಸ್ಕ್ರೂ ಇವತ್ತು ದಾರಿ ಮಧ್ಯೆ ತಾನಾಗೇ ಕೆಡಲ್ಲ. ಪೆಟ್ರೋಲ್ ಹೊರಡೋದು ಟ್ಯಾಂಕಿಂದ, ಹಾಗಾಗಿ ನೀವು ಹುಡುಕೋದೂ ಟ್ಯಾಂಕಿಂದಾನೇ ಶುರು ಆಗ್ಬೇಕು.

ಪೆಟ್ರೋಲ್ ಹೋಗೋ ದಾರಿ ಒಂದ್ಸಲ ಮನಸ್ಸಲ್ಲಿ ಇಟ್ಕೊಳ್ಳಿ. ಟ್ಯಾಂಕ್, ಅದರೊಳಗೆ ತಳದವರೆಗೂ ಇಳಿದಿರೋ ಪಿಕಪ್ ಪೈಪು, ಗಾಡಿ ಅಡೀಲಿ ಹಾದು ಬರೋ ಲೋಹದ ಪೈಪು, ಅಲ್ಲಲ್ಲಿ ಜೋಡಿಸೋಕೆ ರಬ್ಬರ್ ಟ್ಯೂಬು, ಆಮೇಲೆ ಪಂಪು, ಕೊನೇಲಿ ಕಾರ್ಬುರೇಟರ್. ಎಂಜಿನ್ ಪಕ್ಕದಲ್ಲಿರೋ ಪಂಪನ್ನ ನಡೆಸೋದು ಎಂಜಿನ್ ಒಳಗೆ ಸುತ್ತೋ ಕ್ಯಾಮ್‌ಶಾಫ್ಟು ಅನ್ನೋ ದಂಡ, ಅದು ಸುತ್ತೋವಾಗ ಒಂದು ಲಿವರ್ ಒತ್ತುತ್ತೆ, ಆ ಲಿವರ್ರು ಪಂಪಿನ ಒಳಗಿರೋ ಡಯಾಫ್ರಾಮ್ ಅನ್ನೋ ತೆಳು ಪರದೇನ ಎಳೀತು ಅಂದ್ರೆ ಪೆಟ್ರೋಲ್ ಟ್ಯಾಂಕಿಂದ ಬರುತ್ತೆ, ಬಿಟ್ರೆ ಒಳಗಿರೋ ಸ್ಪ್ರಿಂಗು ಅದನ್ನ ಮುಂದಕ್ಕೆ ತಳ್ಳುತ್ತೆ. ಅಷ್ಟೇ. ಅದು ಕೊಡೋ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ, ಟಯರಿಗೆ ತುಂಬೋ ಗಾಳಿಗೆ ಹೋಲಿಸಿದ್ರೆ ಹತ್ತನೇ ಒಂದು ಭಾಗದ ಆಸುಪಾಸು. ಇಷ್ಟು ಮೆತ್ತಗೆ ಕೆಲಸ ಮಾಡೋ ಪಂಪಿಗೆ ದಾರೀಲಿ ಸಣ್ಣ ಅಡ್ಡಿ ಬಂದ್ರೂ ಸಾಕು, ಸೋತು ಹೋಗುತ್ತೆ.

ಗಾಡಿ ನಿಂತ್ಕೊಳ್ತಾ? ಮೊದಲು ಹಿಂದಕ್ಕೆ ಹೋಗಿ ಟ್ಯಾಂಕ್ ಕ್ಯಾಪ್ ತೆಗೀರಿ. ಸುಯ್ ಅಂತ ಗಾಳಿ ಒಳಗೆ ಎಳ್ಕೊಳ್ಳೋ ಸದ್ದು ಬಂದ್ರೆ ಕಾರಣ ಅಲ್ಲೇ ಇದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕು, ಅದಕ್ಕೆ ಇರೋ ಸಣ್ಣ ತೂತು ಮುಚ್ಚಿ ಹೋದ್ರೆ, ಇಲ್ಲಾ ಆ ಗಾಡಿಗೆ ಸೇರದೇ ಇರೋ ಯಾವುದೋ ಕ್ಯಾಪ್ ಹಾಕಿದ್ರೆ, ಪಂಪು ಎಷ್ಟು ಎಳೆದ್ರೂ ಏನೂ ಬರಲ್ಲ. ಈ ಪರೀಕ್ಷೆಗೆ ಒಂದು ಸ್ಪ್ಯಾನರೂ ಬೇಡ, ಆದ್ರೂ ಯಾರೂ ಮಾಡಲ್ಲ.

ಎರಡನೇದು ಬಾಟ್ಲಿ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಾಗಿರ್ಬೇಕು, ಜಾಗಕ್ಕೆ ಗಾಳಿ ಬೆಳಕು ಇರ್ಬೇಕು, ಹತ್ರ ಯಾರೂ ಸಿಗರೇಟು ಹಚ್ಚಬಾರ್ದು, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲೇ ಇರ್ಬೇಕು. ಸ್ಪಾರ್ಕ್ ಬರದ ಹಾಗೆ, ಸ್ಪಾರ್ಕಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲಿಗೆ ಬರೋ ವೈರ್ ಬಿಚ್ಚಿ, ಕಾರ್ಬುರೇಟರಿಗೆ ಬರೋ ಟ್ಯೂಬು ಕಳಚಿ ಬಾಟ್ಲಿಗೆ ಇಳಿಬಿಟ್ಟು ಸೆಲ್ಫ್ ಹೊಡೀರಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರ್ಬೇಕು. ಬಂದಿಲ್ಲ ಅಂದ್ರೆ ಬೇರೆ ಕ್ಯಾನಲ್ಲಿ ಒಳ್ಳೇ ಪೆಟ್ರೋಲ್ ಇಟ್ಟು ಅದರ ಟ್ಯೂಬನ್ನ ಪಂಪಿಗೆ ಕೊಟ್ಟು ನೋಡಿ. ಈಗ ಬಂತು ಅಂದ್ರೆ ಪಂಪು ಚೆನ್ನಾಗಿದೆ, ತೊಂದ್ರೆ ಹಿಂದಿದೆ. ಈಗ್ಲೂ ಬರ್ಲಿಲ್ಲ ಅಂದ್ರೆ ಪಂಪು ಬಿಚ್ಚಿ. ನೋಡಿ, ಇಷ್ಟೊತ್ತಾದ್ರೂ ನಾವು ಕಾರ್ಬುರೇಟರ್ ಮುಟ್ಟೇ ಇಲ್ಲ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು. ನನಗೆ ಪರಿಚಯದ ಒಬ್ಬರು ನಿವೃತ್ತ ಮೇಷ್ಟ್ರು ಇದ್ರು, ಅವರ ಹತ್ರ ಒಂದು ಹಳೇ ಕಾರು, ದಿನಾ ಒರೆಸಿ ಫಳಫಳ ಅಂತ ಇಟ್ಟಿದ್ರು. ಅದು ಓಡ್ತಾ ಓಡ್ತಾ ನಿಲ್ಲೋದು, ಹತ್ತು ನಿಮಿಷ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗೋದು. ನೋಡಿದವರೆಲ್ಲ ಹೇಳಿದ್ದು ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿ ಆಗಿ ಪಂಪು ಎಳೀದೇ ಇರೋದು. ಪಂಪಿಗೆ ಒದ್ದೆ ಬಟ್ಟೆ ಸುತ್ತಿದ್ರು, ಪೈಪಿಗೆ ಬಟ್ಟೆ ಒಣಗಿಸೋ ಮರದ ಕ್ಲಿಪ್ಪು ಸಾಲಾಗಿ ಹಾಕಿದ್ರು, ಕಾರ್ಬುರೇಟರ್ ಬಿಚ್ಚಿ ಪೆಟ್ರೋಲ್ ಹಾಯೋ ಸಣ್ಣ ತೂತಿನ ಜೆಟ್ಟು, ನೀಡಲ್ಲು ಎಲ್ಲ ಹೊಸದು ಹಾಕ್ಸಿದ್ರು, ಅದಾದ್ಮೇಲೆ ಪಂಪೇ ಹೊಸದು ಬಂತು, ಕಾಯಿಲೂ ಬಂತು. ಗಾಡಿ ಮಾತ್ರ ನಿಲ್ಲೋದು ಬಿಡ್ಲಿಲ್ಲ. ನಾನು ಕೇಳಿದ್ದು ಎರಡೇ ಮಾತು. "ಮೇಷ್ಟ್ರೇ, ಬೆಳಗಿನ ಜಾವದ ಚಳೀಲೂ ನಿಲ್ಲುತ್ತಾ?" ನಿಲ್ಲುತ್ತೆ ಅಂದ್ರು. "ಜೋರಾಗಿ ಓಡ್ಸಿದ್ರೆ ಬೇಗ ನಿಲ್ಲುತ್ತಾ?" "ಹೌದು ಸಾರ್, ನಿಧಾನಕ್ಕೆ ಹೋದ್ರೆ ಎಷ್ಟೋ ದೂರ ಹೋಗುತ್ತೆ, ಅದನ್ನ ಇದುವರೆಗೂ ಯಾರೂ ಕೇಳೇ ಇರ್ಲಿಲ್ಲ" ಅಂದ್ರು. ಚಳೀಲೂ ನಿಲ್ಲೋ ಗಾಡಿಗೆ ವೇಪರ್ ಲಾಕ್ ಎಲ್ಲಿಂದ ಬರ್ಬೇಕು ಹೇಳಿ! ಜೋರಾಗಿ ಹೋದ್ರೆ ನಿಲ್ಲುತ್ತೆ ಅಂದ್ರೆ ಪಂಪು ಜೋರಾಗಿ ಎಳೆದಾಗ ಹಿಂದೆ ಏನೋ ಅಡ್ಡ ಬರ್ತಿದೆ ಅಂತ ಅರ್ಥ. ಕ್ಯಾಪ್ ತೆಗೆದ್ವಿ, ಸದ್ದಿಲ್ಲ. ಸರಿ, ಕ್ಯಾನಿಂದ ಪಂಪಿಗೆ ಪೆಟ್ರೋಲ್ ಕೊಟ್ಟು ಅಂಗಳದಲ್ಲೇ ನಿಲ್ಸಿ ರೇಸ್ ಮಾಡಿದ್ವಿ, ಎಷ್ಟೊತ್ತು ಮಾಡಿದ್ರೂ ನಿಲ್ಲಲಿಲ್ಲ. ಮತ್ತೆ ಟ್ಯಾಂಕಿನ ಪೈಪು ಕೊಟ್ವಿ, ಅದೇ ರೇಸಿಗೆ ಸ್ವಲ್ಪ ಹೊತ್ತಲ್ಲೇ ಗೊಳಗೊಳ ಅಂತ ನಿಂತ್ಕೊಳ್ತು. ಇನ್ನೇನು ಬೇಕು? ಪೈಪಿನ ಈ ಕಡೆಯಿಂದ ಫುಟ್ ಪಂಪಲ್ಲಿ ಗಾಳಿ ಹೊಡೆದ್ರೆ ಟ್ಯಾಂಕಲ್ಲಿ ಗುಡುಗುಡು ಅಂತು, ಗಾಡಿ ಸರಿಯಾಯ್ತು, ಮೇಷ್ಟ್ರಿಗೆ ಖುಷಿಯೋ ಖುಷಿ, ಹೊರಟೇ ಬಿಟ್ರು. ನಾನು ಬಿಡ್ಲಿಲ್ಲ, ಒಳಗಿರೋದು ಒಳಗೇ ಇದೆ, ನಾಳೆ ಮತ್ತೆ ಬಂದು ಮುಚ್ಚುತ್ತೆ ಅಂದೆ. ಟ್ಯಾಂಕ್ ಖಾಲಿ ಮಾಡಿ ಇಳಿಸಿ, ಪೆಟ್ರೋಲ್ ಮಟ್ಟ ತೋರ್ಸೋ ಯೂನಿಟ್ ಬಿಚ್ಚಿ, ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೆ ಬಿತ್ತು ನೋಡಿ ಒಂದು ದುಂಡನೆಯ ಬೆಳ್ಳಿ ಬಣ್ಣದ ಹಾಳೆ, ಪೆಟ್ರೋಲಿಗೆ ಬೆರೆಸೋ ಯಾವುದೋ ಬಾಟ್ಲಿ ಬಾಯಿಗೆ ಅಂಟಿಸಿರ್ತಾರಲ್ಲ, ಆ ಸೀಲು. ಯಾರೋ ಬಾಟ್ಲಿ ಬಗ್ಗಿಸೋವಾಗ ಒಳಗೆ ಬಿದ್ದಿದೆ. ಪಂಪು ಎಳೆದಾಗ ಬಂದು ಪಿಕಪ್ ಪೈಪಿನ ಬಾಯಿಗೆ ಕಚ್ಕೊಳ್ಳೋದು, ಎಂಜಿನ್ ನಿಂತು ಎಳೆತ ಹೋದ್ಮೇಲೆ ಕಳಚಿ ಬೀಳೋದು. ಅದಕ್ಕೇ ಹತ್ತು ನಿಮಿಷ ಬಿಟ್ರೆ ಸ್ಟಾರ್ಟ್ ಆಗ್ತಿತ್ತು! ಚೆನ್ನಾಗಿದ್ದ ಕಾರ್ಬುರೇಟರ್, ಪಂಪು, ಕಾಯಿಲು ಎಲ್ಲದಕ್ಕೂ ದುಡ್ಡು ಸುರಿದಾಗಿತ್ತು, ಟ್ಯಾಂಕ್ ಒಳಗೆ ಮಾತ್ರ ಯಾರೂ ಇಣುಕಿ ನೋಡಿರ್ಲಿಲ್ಲ.

ಸಮಯ ಕಮ್ಮಿ ಇದೆ, ಉಳಿದಿದ್ದು ಬೇಗ ಬೇಗ ಹೇಳ್ತೀನಿ. ಟ್ಯಾಂಕಿಗೂ ಪಂಪಿಗೂ ನಡುವೆ ಇರೋ ರಬ್ಬರ್ ಟ್ಯೂಬು ಬಿರುಕು ಬಿಟ್ರೆ ಗಾಡಿ ಓಡೋವಾಗ ಪೆಟ್ರೋಲ್ ತೊಟ್ಟಿಕ್ಕಲ್ಲ, ಅದು ಗಾಳಿ ಎಳ್ಕೊಳ್ಳುತ್ತೆ, ಹಾಗಾಗಿ ಹೊರಗೆ ಒದ್ದೆ ಇಲ್ಲ, ಸರಿಯಾಗಿದೆ ಅಂತ ನಂಬಬೇಡಿ, ಬಗ್ಗಿಸಿ ನೋಡಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ, ಎಥನಾಲ್ ತಡೆಯೋ ಟ್ಯೂಬೇ ಕೇಳಿ ಹಾಕ್ಸಿ. ಟಿಕ್ ಟಿಕ್ ಅನ್ನೋ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪು ಇರೋರಿಗೆ ಕಿವೀನೇ ಸಾಕು, ಕೀ ತಿರುಗಿಸಿದಾಗ ಸ್ವಲ್ಪ ಹೊತ್ತು ಬಡಿದು ನಿಧಾನ ಆಗಿ ನಿಲ್ಬೇಕು, ಪೆಟ್ರೋಲ್ ಇದ್ರೂ ಒಂದೇ ಸಮ ಪಟಪಟ ಬಡೀತಿದ್ರೆ ಎಲ್ಲೋ ಗಾಳಿ ಎಳೀತಿದೆ, ಸದ್ದೇ ಇಲ್ಲ ಅಂದ್ರೆ ಅದರ ಒಳಗೆ ಕರೆಂಟ್ ಹಾಕಿ ತೆಗೆಯೋ ಪಾಯಿಂಟ್ಸ್ ಮತ್ತೆ ವೈರಿಂಗ್ ನೋಡಿ.

ಇನ್ನೊಂದು, ಗಾಡಿ ನಿಂತಾಗ ಕಾರ್ಬುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು, ಅಂದ್ರೆ ಫ್ಲೋಟ್ ಚೇಂಬರ್, ತುಂಬ ಪೆಟ್ರೋಲ್ ಇದ್ರೆ ಟ್ಯಾಂಕು, ಪೈಪು, ಪಂಪು ಯಾವುದರ ತಪ್ಪೂ ಅಲ್ಲ. ಆಗ ಮೊದಲು ಸ್ಪಾರ್ಕ್ ನೋಡಿ, ಸ್ಪಾರ್ಕ್ ವ್ಯವಸ್ಥೆಯ ಸಣ್ಣ ಭಾಗ ಕಂಡೆನ್ಸರು, ಬಿಸಿಯಾದ್ಮೇಲೆ ಕೈಕೊಟ್ರೆ ಅದೂ ಇದೇ ತರ ಆಟ ಆಡ್ಸುತ್ತೆ. ಸ್ಪಾರ್ಕೂ ಚೆನ್ನಾಗಿದ್ರೆ, ಆಗ, ಆಗ ಮಾತ್ರ ಕಾರ್ಬುರೇಟರ್ ಬಿಚ್ಚಿ, ಜೆಟ್ಟಲ್ಲಿ ಕಸ ಇದ್ಯಾ ನೋಡಿ.

ಕೊನೇದಾಗಿ, ಪಂಪು ಬಿಚ್ಚೋಕೆ ಮುಂಚೆ ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದು ಆಯಿಲ್ ಮಟ್ಟ ಮೇಲಕ್ಕೆ ಬಂದಿದ್ರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಎಂಜಿನ್ ಒಳಗೆ ಇಳೀತಿರಬಹುದು. ಆ ಗಾಡೀನ ಸ್ಟಾರ್ಟ್ ಮಾಡ್ಲೇಬೇಡಿ, ಡಯಾಫ್ರಾಮ್ ಹಾಕ್ಸಿ, ಆಯಿಲೂ ಫಿಲ್ಟರೂ ಬದಲಾಯಿಸಿ, ಆಮೇಲೇ ಸೆಲ್ಫ್ ಹೊಡೀರಿ. ನಮಸ್ಕಾರ.