ಗೆರೆ ಅಳಿಸಿ, ಟೇಬಲ್ ಚೆಂದ ಮಾಡಿ: ಲೇಟೆಕ್‌ನಲ್ಲಿ ಬುಕ್‌ಟ್ಯಾಬ್ಸ್

[ಪರದೆ: ಎಲ್ಲ ಕಡೆ ಗೆರೆ ಎಳೆದ ಟೇಬಲ್]

ನಮಸ್ಕಾರ. ಲೇಟೆಕ್, ಅಂದರೆ ಆದೇಶ ಬರೆದು ಪುಟ ಜೋಡಿಸುವ ತಂತ್ರಾಂಶ, ಅದರಲ್ಲಿ ಮಾಡಿದ ಈ ಟೇಬಲ್ ನೋಡಿ. ನಾಲ್ಕು ಲೋಹ, ಅವುಗಳ ಸಾಂದ್ರತೆ, ಕರಗುವ ತಾಪಮಾನ. ಇಷ್ಟೇ ವಿಷಯ. ಆದರೆ ಕಣ್ಣಿಗೆ ಮೊದಲು ಬೀಳುವುದು ಗೆರೆಗಳು. ಕಿಟಕಿ ಸರಳಿನ ಹಿಂದೆ ಅಂಕಿಗಳು ಕೂತ ಹಾಗಿದೆ, ಅಲ್ವಾ? ನನ್ನ ಮೊದಲ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಹೀಗೇ ಇತ್ತು. ಸಾಲಿಗೊಂದು ಎಚ್‌ಲೈನ್ ಅನ್ನೋ ಅಡ್ಡ ಗೆರೆ, ಕಾಲಮ್ಮಿಗೊಂದು ಮೇಲಿನಿಂದ ಕೆಳಗಿಳಿಯುವ ಉದ್ದ ಗೆರೆ.

ಇವತ್ತು ಅವನ್ನೆಲ್ಲ ಅಳಿಸೋಣ.

[ಪರದೆ: ಗೆರೆಗಳು ಒಂದೊಂದೇ ಮಾಯ]

ಫೈಲಿನಲ್ಲಿ ಬಿಗಿನ್ ಡಾಕ್ಯುಮೆಂಟ್‌ಗಿಂತ ಮೊದಲು ಬುಕ್‌ಟ್ಯಾಬ್ಸ್ ಪ್ಯಾಕೇಜ್, ಅಂದರೆ ಟೇಬಲ್ಲಿಗೆ ಹೊಸ ಆದೇಶಗಳನ್ನು ಕೊಡುವ ಸೇರ್ಪಡೆ, ಸೇರಿಸಿ. ಇದನ್ನು ಮೊದಲು ಬರೆದವರು ಸೈಮನ್ ಫಿಯರ್. ಕೈಪಿಡಿಯಲ್ಲಿ ಅವರ ಎರಡು ನಿಯಮಗಳಿವೆ: ಉದ್ದ ಗೆರೆ ಬೇಡವೇ ಬೇಡ, ಜೋಡಿ ಗೆರೆಯೂ ಬೇಡ. ಮೇಷ್ಟ್ರು ಸ್ವಲ್ಪ ಖಡಕ್!

ಈಗ ಉಳಿದದ್ದು ಮೂರೇ ಗೆರೆ. ಮೇಲೆ ಟಾಪ್‌ರೂಲ್, ತಲೆಸಾಲಿನ ಕೆಳಗೆ ಮಿಡ್‌ರೂಲ್, ಕೊನೆಗೆ ಬಾಟಮ್‌ರೂಲ್. ಮೇಲಿನದೂ ಕೊನೆಯದೂ ದಪ್ಪ, 0.08 ಎಮ್ (ಎಮ್ ಅಂದರೆ ಸುಮಾರು ಫಾಂಟ್ ಗಾತ್ರದಷ್ಟು ಅಳತೆ). ನಡುವಿನದು 0.05. ಗೆರೆಯ ಮೇಲೂ ಕೆಳಗೂ ಉಸಿರಾಡಲು ಜಾಗ ತಾನಾಗಿಯೇ ಬರುತ್ತದೆ. ಉದ್ದ ಗೆರೆ ಹಾಗೇ ಉಳಿಸಿಕೊಂಡರೆ ಆ ಜಾಗದಲ್ಲಿ ಅದು ತುಂಡು ತುಂಡಾಗಿ ಕಾಣುತ್ತದೆ. ಸುಮ್ನೆ ಪ್ಯಾಕೇಜನ್ನು ಬೈಯಬೇಡಿ.

"ಮಿಸ್‌ಪ್ಲೇಸ್ಡ್ ನೋಅಲೈನ್" ಅಂತ ಎರರ್ ಬಂತಾ? ಬಾಟಮ್‌ರೂಲ್‌ಗೆ ಮುಂಚಿನ ಸಾಲಿನ ಕೊನೆ ನೋಡಿ. ಅಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕುವುದು ಮರೆತಿರುತ್ತೀರಿ. ನಾನಂತೂ ಈಗಲೂ ಮರೆಯುತ್ತೇನೆ.

[ಪರದೆ: ಸಾಂದ್ರತೆಯ ಕಾಲಮ್, ಹತ್ತಿರದಿಂದ]

ಇನ್ನು ಅಂಕಿಗಳು. ಚಿನ್ನ 19.3, ಬೆಳ್ಳಿ 10.49, ತಾಮ್ರ 8.96, ಅಲ್ಯೂಮಿನಿಯಂ 2.70. ಇವನ್ನು ಕಾಲಮ್ಮಿನ ನಡುವಿಗೆ ಇಟ್ಟರೆ ಚುಕ್ಕಿಗಳು ಅಡ್ಡಾದಿಡ್ಡಿ. ಬಲಕ್ಕೆ ಒತ್ತಿದರೂ ಚಿನ್ನದ ಚುಕ್ಕಿ ಮಾತ್ರ ಸಾಲು ತಪ್ಪುತ್ತದೆ, ಏಕೆಂದರೆ ಅದಕ್ಕೆ ಚುಕ್ಕಿಯ ನಂತರ ಒಂದೇ ಅಂಕಿ. ಎಸ್‌ಐಯುನಿಟ್‌ಎಕ್ಸ್ ಪ್ಯಾಕೇಜಿನಲ್ಲಿ "ಎಸ್" ಅನ್ನೋ ಕಾಲಮ್ ಇದೆ. ಅದು ದಶಾಂಶ ಚುಕ್ಕಿಗಳನ್ನೇ ಒಂದರ ಕೆಳಗೊಂದು ನಿಲ್ಲಿಸುತ್ತದೆ. ಆಗ ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಓದದೆಯೇ ಗೊತ್ತಾಗುತ್ತದೆ. ಆ ಕಾಲಮ್ಮಿನ ತಲೆಬರಹವನ್ನು ಮಾತ್ರ ಕರ್ಲಿ ಬ್ರಾಕೆಟ್ ಒಳಗೆ ಬರೆಯಿರಿ. ಇಲ್ಲದಿದ್ದರೆ ಅದನ್ನೂ ಸಂಖ್ಯೆ ಅಂದುಕೊಳ್ಳುತ್ತದೆ. ಗ್ರಾಮ್, ಡಿಗ್ರಿ ಎಲ್ಲ ತಲೆಬರಹದಲ್ಲೇ ಒಮ್ಮೆ ಬಂದರೆ ಸಾಕು.

[ಪರದೆ: "ಬೆಳ್ಳಿ", "ತಾಮ್ರ", ಒತ್ತಕ್ಷರದ ಸುತ್ತ ಕೆಂಪು ವೃತ್ತ]

ಕನ್ನಡದಲ್ಲಿ ಟೇಬಲ್ ಮಾಡುವವರಿಗೆ ಇನ್ನೊಂದು ತೊಂದರೆ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಎತ್ತರ ನಮಗೆ ಸಾಲುವುದಿಲ್ಲ. ಬೆಳ್ಳಿಯ ಒತ್ತು, ತಾಮ್ರದ ಒತ್ತು ಕೆಳಗೆ ಇಳಿದು ಮುಂದಿನ ಸಾಲಿಗೆ ತಗುಲುವ ಹಾಗಿರುತ್ತದೆ. ಟೇಬಲ್ ಶುರುವಾಗುವ ಮೊದಲು, ಸಾಲಿನ ಎತ್ತರ ಹಿಗ್ಗಿಸುವ ಅರೇಸ್ಟ್ರೆಚ್ ಬೆಲೆಯನ್ನು 1.3 ಮಾಡಿ. ಫಾಂಟ್ ನೋಡಿಕೊಂಡು ಹೆಚ್ಚು ಕಡಿಮೆ ಮಾಡಬಹುದು. ಅಂದ ಹಾಗೆ, ಕನ್ನಡ ಲಿಪಿಗೆ ಯುನಿಕೋಡ್ ಓದಬಲ್ಲ ಝೀಲೇಟೆಕ್ ಬಳಸಿ, ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜ್ ಮೂಲಕ ಯುನಿಕೋಡ್ ಫಾಂಟ್ ಕೊಡಿ.

ಕೊನೆಯದು ತುಂಬಾ ಚಿಕ್ಕದು, ಆದರೆ ನನಗೆ ಬಲು ಇಷ್ಟ. ಲೇಟೆಕ್ ಪ್ರತಿ ಕಾಲಮ್ಮಿನ ಎರಡೂ ಬದಿಗೆ 6 ಪಾಯಿಂಟ್ ಜಾಗ ಬಿಡುತ್ತದೆ. ಹೀಗಾಗಿ ಗೆರೆ ಅಕ್ಷರಕ್ಕಿಂತ ಆಚೆ ಚಾಚಿಕೊಳ್ಳುತ್ತದೆ. ಟೇಬಲ್ ಶುರುವಿನಲ್ಲಿ ಯಾವ ಯಾವ ಕಾಲಮ್ ಅಂತ ಬರೆಯುವ ಕಾಲಮ್ ಪಟ್ಟಿಯ ಶುರುವಿಗೂ ಕೊನೆಗೂ ಒಂದು ಅಟ್ ಚಿಹ್ನೆ, ಪಕ್ಕದಲ್ಲಿ ಖಾಲಿ ಕರ್ಲಿ ಬ್ರಾಕೆಟ್ ಹಾಕಿ. ಈಗ ಚಿನ್ನದ "ಚಿ" ಎಲ್ಲಿ ಶುರುವೋ ಗೆರೆಯೂ ಅಲ್ಲಿಂದಲೇ ಶುರು.

[ಪರದೆ: ಹಳೆಯ ಟೇಬಲ್, ಹೊಸ ಟೇಬಲ್ ಅಕ್ಕಪಕ್ಕ]